ಒಂದಿಂಚಿನ ಓಎಲ್‌ಇಡಿ ಮೇಲೆ ಕನ್ನಡ

ಕ್ಯಾಮೆರಾ ಸ್ವಲ್ಪ ಹತ್ತಿರ ತರ್ತೀನಿ, ನೋಡಿ. ಬೆಸುಗೆ ಇಲ್ಲದೆ ತಂತಿ ಜೋಡಿಸೋ ಬ್ರೆಡ್‌ಬೋರ್ಡ್ ಮೇಲೆ ಕೂತಿರೋ ಈ ಓಎಲ್‌ಇಡಿ ಪರದೆ 0.96 ಇಂಚಿಂದು. ಅಡ್ಡಕ್ಕೆ 128 ಚುಕ್ಕಿ, ಎತ್ತರಕ್ಕೆ 64. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಲ್ಲಿ ಸುಮ್ನೆ 'ಓಎಲ್‌ಇಡಿ ಕೊಡಿ' ಅಂದ್ರೆ ಸಾಮಾನ್ಯವಾಗಿ ಕೈಗೆ ಬರೋದು ಇದೇ. ತಂತಿ ನಾಲ್ಕೇ: ಕರೆಂಟಿಗೆ ಗ್ರೌಂಡ್, ವಿಸಿಸಿ; ಮಾಹಿತಿ ಕಳಿಸೋಕೆ ಎಸ್‌ಸಿಎಲ್, ಎಸ್‌ಡಿಎ. ಕೆಲವು ಬೋರ್ಡಲ್ಲಿ ಮೊದಲ ಎರಡು ಪಿನ್ ಅದಲುಬದಲಾಗಿರುತ್ತೆ, ಕರೆಂಟ್ ಕೊಡೋ ಮುಂಚೆ ಓದ್ಕೊಳ್ಳಿ. ಹಿಂಭಾಗದಲ್ಲಿ ಪರದೆಯ ವಿಳಾಸ 0ಎಕ್ಸ್78 ಅಂತ ಅಚ್ಚಾಗಿದ್ರೆ ತಲೆ ಕೆಡಿಸ್ಕೋಬೇಡಿ, ಕೋಡಲ್ಲಿ 0ಎಕ್ಸ್3ಸಿ ಹಾಕಿ. ವಿಳಾಸ ಒಂದೇ, ಒಂದು ಬಿಟ್ ಸರಿಸಿ ಬರೆದಿದ್ದಾರೆ ಅಷ್ಟೇ.

ನನಗೆ ಬೇಕಿರೋದು ಇಷ್ಟು: ಮೇಲಿನ ಟ್ಯಾಂಕಲ್ಲಿ ಎಷ್ಟು ನೀರಿದೆ ಅಂತ ಅಡುಗೆಮನೆಯಲ್ಲಿ ಕಾಣ್ಬೇಕು, ಅದೂ ಕನ್ನಡದಲ್ಲಿ. ನೋಡೋರು ಅಮ್ಮ. ಮಜಾ ಇರೋದು ಇಲ್ಲೇ. ಪರದೆ ಮೇಲೆ ಬರೆಯೋಕೆ ಸಿಗೋ ರೆಡಿಮೇಡ್ ಕೋಡ್, ಅಂದ್ರೆ ಲೈಬ್ರರಿಗಳು, ಒಂದರ ಪಕ್ಕ ಒಂದು ಅಕ್ಷರ ಜೋಡಿಸುತ್ತವೆ, ಇಂಗ್ಲಿಷಿಗೆ ಅಷ್ಟು ಸಾಕು. ನಮಗೆ ಗುಣಿತ ಬೇಕು, ಒತ್ತಕ್ಷರ ಬೇಕು. 'ಟ್ಯಾಂಕ್' ಅಂತ ಬರೆಯೋಕೇ ಯ ಒತ್ತು ಸರಿಯಾದ ಜಾಗಕ್ಕೆ ಬರ್ಬೇಕಲ್ಲ! ಅದಕ್ಕೆ ಪದಗಳನ್ನೇ ಚಿತ್ರ ಮಾಡ್ಕೊಂಡೆ. ಕಂಪ್ಯೂಟರಲ್ಲಿ ದಪ್ಪ ಫಾಂಟಲ್ಲಿ 'ನೀರು' ಅಂತ ಟೈಪ್ ಮಾಡಿ, ಕಪ್ಪು-ಬಿಳುಪು ಬಿಟ್‌ಮ್ಯಾಪ್ ತೆಗೆದೆ. 64 ಅಗಲ, 32 ಎತ್ತರದ ಒಂದು ಪದಕ್ಕೆ 256 ಬೈಟ್. ಅದನ್ನ ಕೋಡ್ ಕೂರೋ ಫ್ಲ್ಯಾಶ್ ಮೆಮೊರಿಯಲ್ಲಿಡಿ, ರ‍್ಯಾಮಲ್ಲಿ ಬೇಡ. ಇದನ್ನೆಲ್ಲ ನಡೆಸೋ ಪುಟ್ಟ ಬೋರ್ಡ್ ಆರ್ಡುಯಿನೋ ಊನೋಗೆ ಇರೋ ರ‍್ಯಾಮೇ 2048 ಬೈಟ್. ಇಡೀ ಪರದೆಯ ಚಿತ್ರ ಹಿಡಿಯೋಕೆ 1024 ಹೋಯ್ತು. ಅರ್ಧ ಮನೆ ಬಾಡಿಗೆಗೆ ಕೊಟ್ಟ ಹಾಗೆ. ಯು8ಜಿ2 ಲೈಬ್ರರಿಯ ಪೇಜ್ ಮೋಡಲ್ಲಿ 128 ಬೈಟಲ್ಲೇ ಕೆಲಸ ಆಗುತ್ತೆ. ಚಿತ್ರವನ್ನ ಎಂಟು ಪಟ್ಟಿ ಮಾಡಿ ಒಂದೊಂದಾಗಿ ಬರೆಯುತ್ತೆ, ಸ್ವಲ್ಪ ನಿಧಾನ. ಟ್ಯಾಂಕಿನ ನೀರಿಗೆ ಯಾವ ಅವಸರ?

1.3 ಇಂಚಿಂದು ತಗೊಳ್ಳೋರು ಗಮನಿಸಿ, ಅದರೊಳಗೆ ಹೆಚ್ಚಾಗಿ ಎಸ್‌ಎಚ್1106 ಚಿಪ್ ಇರುತ್ತೆ. 0.96 ಇಂಚಿಂದರಲ್ಲಿರೋ ಎಸ್‌ಎಸ್‌ಡಿ1306 ಚಿಪ್ಪಿಗೆ ಬರೆದ ಕೋಡ್ ಹಾಕಿದ್ರೆ ಚಿತ್ರ ಸರಿಯಾಗಿ ಕೂರಲ್ಲ.

ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿನೂ ತಾನೇ ಉರಿಯೋದು. 'ನೀರು' ಅನ್ನೋ ಪದ ಹಗಲು-ರಾತ್ರಿ ಒಂದೇ ಜಾಗದಲ್ಲಿ ನಿಂತ್ರೆ, ಆ ಚುಕ್ಕಿಗಳು ಬೇಗ ಸವೆದು ಮಂಕಾಗ್ತವೆ. ಅದಕ್ಕೆ ಒಂದು ಬಟನ್ ಇಟ್ಟಿದೀನಿ: ಒತ್ತಿದ್ರೆ ಹತ್ತು ಸೆಕೆಂಡ್ ತೋರಿಸಿ ಆರಿಹೋಗುತ್ತೆ. 'ಹಿಟ್ಟಿನ ಕೈಯಲ್ಲಿ ಬಟನ್ ಒತ್ಲಾ?' ಅಂತಾರೆ ಅಮ್ಮ. ಆಯ್ತು, ಮುಂದಿನ ವಿಡಿಯೋದಲ್ಲಿ ಯಾರಾದ್ರೂ ಓಡಾಡಿದ್ರೆ ಗುರುತಿಸೋ ಪಿಐಆರ್ ಸೆನ್ಸರ್ ಹಾಕೋಣ.