ಬೇಸ್‌ಬಾಲ್ ಶಾನುಭೋಗರ ಕಿರ್ದಿಯಿಂದ

ಕೇಳುಗರಿಗೆ ನಮಸ್ಕಾರ.

ಬೇಸ್‌ಬಾಲ್ ಅಂದ ತಕ್ಷಣ ರೇಡಿಯೋ ಕಿವಿ ಹಿಂಡಿ ಬೇರೆ ಸ್ಟೇಷನ್ ಹುಡುಕಬೇಡಿ. ಆಟ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಇವತ್ತಿನ ಕಥೆಗಳಿಗೆ ಬೇಕಾದಷ್ಟನ್ನು ನಾನೇ ಹೇಳಿಬಿಡುತ್ತೇನೆ. ಚೆಂಡು ಎಸೆಯುವವನು ಪಿಚರ್. ಬ್ಯಾಟರ್ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವನು ಕ್ಯಾಚರ್, ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಪಿಚರ್ ಎಸೆದ ಚೆಂಡು ನೇರವಾಗಿ, ಬ್ಯಾಟರ್‌ನ ಮಂಡಿಗೂ ಎದೆಗೂ ನಡುವೆ ಬರಬೇಕು. ಹಾಗೆ ಬಾರದ ಚೆಂಡು ನಾಲ್ಕಾದರೆ, ಬ್ಯಾಟರ್ ಸುಮ್ನೆ ನಿಂತಿದ್ದರೂ ಸಾಕು, ಮೊದಲ ಬೇಸಿಗೆ ನಡೆದುಕೊಂಡು ಹೋಗಬಹುದು. ಬೇಸ್ ಅಂದರೆ ಓಟದ ದಾರಿಯ ತಾಣ. ಮೂರು ಬೇಸ್ ದಾಟಿ, ಬ್ಯಾಟ್ ಹಿಡಿದು ನಿಂತ ಜಾಗಕ್ಕೆ, ಅಂದರೆ ಮನೆ ಬೇಸಿಗೆ, ವಾಪಸ್ ಬಂದರೆ ಒಂದು ರನ್. ಇಷ್ಟೇ ಪಾಠ.

ಇನ್ನೊಂದು ಮಾತು. ಈ ಆಟಕ್ಕೆ ಲೆಕ್ಕದ ಹುಚ್ಚು. ಕ್ರಿಕೆಟ್‌ಗೂ ಇದೆಯಲ್ಲ ಅಂತೀರಾ? ಇವರದು ಇನ್ನೂ ಜಾಸ್ತಿ. ಹಳೇ ಕಾಲದ ಶಾನುಭೋಗರು ಕಿರ್ದಿ ಬರೆದ ಹಾಗೆ, ನಡೆದದ್ದೆಲ್ಲ ಬರೆದಿಡುತ್ತಾರೆ. ತಮಾಷೆಗೆ ಮಾಡಿದ್ದೂ ಅದರೊಳಗೆ ಸೇರಿಕೊಳ್ಳುತ್ತದೆ.

1951ರ ಆಗಸ್ಟ್ 19. ಅಮೆರಿಕದ ಸೇಂಟ್ ಲೂಯಿಸ್. ಅಲ್ಲಿನ ಬ್ರೌನ್ಸ್ ತಂಡ ಸೋಲುವುದರಲ್ಲಿ ಎತ್ತಿದ ಕೈ. ಮಾಲೀಕ ಬಿಲ್ ವೀಕ್. ಆಟ ತೋರಿಸಿ ಜನರನ್ನು ಕರೆಸುವುದು ಆಗದ ಮಾತು ಅಂತ ಅವನಿಗೆ ಗೊತ್ತಿತ್ತು. ಅವತ್ತು ಡೆಟ್ರಾಯಿಟ್ ಟೈಗರ್ಸ್ ಜೊತೆ ಎರಡು ಪಂದ್ಯ. ನಡುವಿನ ಬಿಡುವಿನಲ್ಲಿ ಮೈದಾನಕ್ಕೆ ಕಾಗದದಿಂದ ಮಾಡಿದ ಭಾರಿ ಕೇಕ್ ಬಂತು. ಅದನ್ನು ಸೀಳಿಕೊಂಡು ಎಡ್ಡಿ ಗೆಡೆಲ್ ಹೊರಬಂದ. ಎತ್ತರ 3 ಅಡಿ 7 ಇಂಚು. ಬೆನ್ನ ಮೇಲೆ ನಂಬರ್ 1/8. ಹೌದು, ಎಂಟರಲ್ಲೊಂದು ಭಾಗ.

ಜನ ನಕ್ಕರು. ಅಷ್ಟಕ್ಕೇ ಮುಗಿಯಿತು ಅಂದುಕೊಂಡರು. ಆದರೆ ಎರಡನೇ ಪಂದ್ಯದಲ್ಲಿ ಬ್ರೌನ್ಸ್ ಸರದಿ ಬಂದಾಗ, ಮೊದಲ ಬ್ಯಾಟರ್ ಬದಲಿಗೆ ಅದೇ ಗೆಡೆಲ್ ಪುಟ್ಟ ಬ್ಯಾಟ್ ಹಿಡಿದು ಬಂದುಬಿಟ್ಟ! ಅಂಪೈರ್ ತಡೆದ. ಬ್ರೌನ್ಸ್ ಮ್ಯಾನೇಜರ್ ಝ್ಯಾಕ್ ಟೇಲರ್ ಕರಾರು ಪತ್ರ ತೆಗೆದು ತೋರಿಸಿದ. ಕಾಗದ ಪತ್ರ ಸರಿಯಾಗಿತ್ತು. ಅಂಪೈರ್ ಪಾಪ ಏನು ಮಾಡಿಯಾನು? ಆಡಲಿ ಅಂದ.

ಟೈಗರ್ಸ್ ಕ್ಯಾಚರ್ ಬಾಬ್ ಸ್ವಿಫ್ಟ್ ಮಂಡಿಯೂರಿ ಕೂತ. ಪಿಚರ್ ಬಾಬ್ ಕೇನ್‌ಗೆ ನಗು ತಡೆಯಲಾಗಲಿಲ್ಲ. ಬಗ್ಗಿ ನಿಂತ ಗೆಡೆಲ್‌ನ ಮಂಡಿಗೂ ಎದೆಗೂ ನಡುವೆ ಜಾಗ ಎಷ್ಟು? ವೀಕ್ ಲೆಕ್ಕದ ಪ್ರಕಾರ ಒಂದೂವರೆ ಇಂಚು. ಅದರೊಳಗೆ ಚೆಂಡು ತೂರಿಸುವುದು ಸೂಜಿಗೆ ಹಗ್ಗ ಪೋಣಿಸಿದ ಹಾಗೆ. ನಾಲ್ಕು ಚೆಂಡೂ ತಲೆ ಮೇಲೆ ಹೋದವು. ಗೆಡೆಲ್ ದಾರಿಯಲ್ಲಿ ನಿಂತು ಜನಕ್ಕೆ ತಲೆಬಾಗುತ್ತಾ ಮೊದಲ ಬೇಸಿಗೆ ನಡೆದ. ಅಲ್ಲಿ ಅವನ ಬದಲು ಓಡಲು ಇನ್ನೊಬ್ಬ ಬಂದ. ಗೆಡೆಲ್‌ನ ವೃತ್ತಿಜೀವನ ಮುಗಿಯಿತು.

ಒಂದು ಸಲವಾದರೂ ಬ್ಯಾಟ್ ಬೀಸಬೇಕು ಅಂತ ಅವನಿಗೆ ಆಸೆಯಿತ್ತಂತೆ. ಬೀಸಿದರೆ ಛಾವಣಿ ಮೇಲೆ ಬಂದೂಕು ಹಿಡಿದವನನ್ನು ನಿಲ್ಲಿಸಿರುತ್ತೇನೆ ಅಂತ ಹೆದರಿಸಿದ್ದಾಗಿ ವೀಕ್ ಆಮೇಲೆ ಹೇಳಿಕೊಂಡ. ಒಬ್ಬನ ಎತ್ತರವನ್ನು ಆಟದ ಸಾಮಾನು ಮಾಡಿಕೊಂಡಿದ್ದು ಇವತ್ತು ಕೇಳಿದರೆ ಮುಜುಗರವಾಗುತ್ತದೆ, ನಿಜ. ಆದರೆ ಗೆಡೆಲ್ ಹೆಸರು ಮಾತ್ರ ಕಿರ್ದಿಯಲ್ಲಿ ಗಟ್ಟಿಯಾಗಿ ಕೂತಿದೆ. ಲೀಗ್ ಅಧ್ಯಕ್ಷರು ಮರುದಿನವೇ ಅವನ ಕರಾರು ರದ್ದು ಮಾಡಿದರು. ಮಾಡಿದರೆ ಏನು? ಬ್ಯಾಟ್ ಮಾಡಿದ್ದು ಒಂದು ಸಲ, ಬೇಸ್ ತಲುಪಿದ್ದು ಒಂದು ಸಲ. ನೂರಕ್ಕೆ ನೂರು. ದೊಡ್ಡ ದೊಡ್ಡ ಆಟಗಾರರಿಗೂ ಇಲ್ಲದ ಅಂಕ! ಅವತ್ತು ಅವನು ತೊಟ್ಟ ಅಂಗಿ ತಂಡದ ಅಧಿಕಾರಿಯೊಬ್ಬರ 9 ವರ್ಷದ ಮಗನದು. ಆ ಹುಡುಗ, ಬಿಲ್ ಡೆವಿಟ್, ಮುಂದೆ ಅದೇ ಊರಿನ ಕಾರ್ಡಿನಲ್ಸ್ ತಂಡಕ್ಕೇ ಮಾಲೀಕನಾದ.

ವೀಕ್ ಅಲ್ಲಿಗೇ ಸುಮ್ಮನಾಗಲಿಲ್ಲ. ಐದು ದಿನ ಬಿಟ್ಟು ಪ್ರೇಕ್ಷಕರ ಕೈಗೆ ‘ಹೌದು’, ‘ಇಲ್ಲ’ ಅಂತ ಬರೆದ ಫಲಕ ಕೊಟ್ಟ. ತಂಡ ಏನು ಮಾಡಬೇಕು ಅಂತ ಜನವೇ ಫಲಕ ಎತ್ತಿ ಹೇಳಬೇಕು. ಮ್ಯಾನೇಜರ್ ಟೇಲರ್‌ಗೆ ಅವತ್ತು ಕೆಲಸವಿಲ್ಲ. ತೂಗುಕುರ್ಚಿಯಲ್ಲಿ ಪೈಪ್ ಸೇದುತ್ತಾ ಕೂತ. ಸದಾ ಸೋಲುವ ಬ್ರೌನ್ಸ್ ಅವತ್ತು 5-3ರಿಂದ ಗೆದ್ದಿತು. ಟೀವಿ ಮುಂದೆ ಕೂತು ನಾಯಕನಿಗೆ ಬುದ್ಧಿ ಹೇಳುವ ನಮ್ಮ ಮನೆಯವರಿಗೆಲ್ಲ ಇದನ್ನು ದಯವಿಟ್ಟು ತಿಳಿಸಬೇಡಿ.

ಈಗ ಆಲೂಗಡ್ಡೆ.

1987ರ ಆಗಸ್ಟ್ 31, ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್. ಕೆಳದರ್ಜೆಯ ಲೀಗು. ಅಲ್ಲಿನ ಬಿಲ್ಸ್ ತಂಡದ ಕ್ಯಾಚರ್ ಡೇವ್ ಬ್ರೆಸ್ನಹಾನ್. ಬ್ಯಾಟಿಂಗ್ ಅಷ್ಟಕ್ಕಷ್ಟೇ. ಋತು ಮುಗಿಯುತ್ತಾ ಬಂದಿತ್ತು, ತಂಡಕ್ಕೆ ಗೆಲ್ಲುವ ಆಸೆ ಯಾವತ್ತೋ ಹೋಗಿತ್ತು. ಇವನು ಮನೆಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ಸುಲಿದ, ಚೆಂಡಿನ ಹಾಗೆ ದುಂಡಗೆ ಕೆತ್ತಿದ. ಪಂದ್ಯದಲ್ಲಿ ಎದುರಾಳಿಯೊಬ್ಬ ಮೂರನೇ ಬೇಸ್ ತಲುಪಿದಾಗ, ಕೈಗವಸು ಹರಿದಿದೆ ಅಂತ ಅಂಪೈರ್‌ಗೆ ಹೇಳಿ ಇನ್ನೊಂದನ್ನು ತಂದ. ಆಲೂಗಡ್ಡೆ ಅದರೊಳಗಿತ್ತು.

ಪಿಚರ್ ಚೆಂಡು ಎಸೆದ. ಇವನು ಚೆಂಡು ಹಿಡಿದು, ಆಲೂಗಡ್ಡೆಯನ್ನು ಮೂರನೇ ಬೇಸಿನ ಕಡೆಗೆ, ಬೇಕೆಂದೇ ಎತ್ತರಕ್ಕೆ ಎಸೆದ. ಚೆಂಡೇ ದಿಕ್ಕು ತಪ್ಪಿತು ಅಂತ ಓಟಗಾರ ಖುಷಿಯಿಂದ ಮನೆ ಬೇಸಿಗೆ ಓಡಿಬಂದ. ಅಲ್ಲಿ ನೋಡಿದರೆ ಬ್ರೆಸ್ನಹಾನ್ ಅಸಲಿ ಚೆಂಡು ಹಿಡಿದು, ಅವನನ್ನು ಮುಟ್ಟಿ ಔಟ್ ಮಾಡಲು ಕಾಯುತ್ತಿದ್ದಾನೆ!

ಅಂಪೈರ್‌ಗೆ ನಗು ಬರಲಿಲ್ಲ. ಓಟಗಾರನಿಗೆ ರನ್ ಕೊಟ್ಟ. ಬ್ರೆಸ್ನಹಾನ್‌ಗೆ 50 ಡಾಲರ್ ದಂಡ ಬಿತ್ತು, ಮರುದಿನ ಕೆಲಸವೂ ಹೋಯಿತು. ದಂಡದ ಬದಲು ಅವನು ಮ್ಯಾನೇಜರ್ ಮೇಜಿನ ಮೇಲೆ 50 ಆಲೂಗಡ್ಡೆ ಇಟ್ಟು ಹೊರಟ. ತಂಡದವರು ಏನು ಕಡಿಮೆಯೇ? ಒಂದು ಆಲೂಗಡ್ಡೆ ತಂದವರಿಗೆ ಒಂದೇ ಡಾಲರ್ ಟಿಕೆಟ್ ಅಂತ ಸಾರಿದರು. ಮರುವರ್ಷ ಅವನನ್ನು ಕರೆಸಿ, ಅವನ 59ನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಗೌರವಿಸಿದರು. ಮಹಾನ್ ಆಟಗಾರರಿಗೆ ಸಿಗುವ ಮರ್ಯಾದೆ ಅದು. ನನ್ನ ಕೇಳಿದರೆ, ಸಲ್ಲಬೇಕಾದವನಿಗೇ ಸಂದಿತು.

ಕಿರ್ದಿಯ ಇನ್ನೊಂದೆರಡು ಸಾಲು ಬೇಗ ಓದಿಬಿಡುತ್ತೇನೆ. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಕ್ಲೀವ್‌ಲ್ಯಾಂಡ್ ತಂಡದಿಂದ ಹ್ಯಾರಿ ಚಿಟಿ ಎಂಬ ಕ್ಯಾಚರ್‌ನನ್ನು ಪಡೆಯಿತು. ಬದಲಿಗೆ ಒಬ್ಬ ಆಟಗಾರನನ್ನು ಆಮೇಲೆ ಕೊಡುತ್ತೇವೆ ಅಂತ ಮಾತು. ಎರಡು ತಿಂಗಳಲ್ಲೇ ಕೊಟ್ಟರು. ಯಾರನ್ನ? ಹ್ಯಾರಿ ಚಿಟಿಯನ್ನೇ! 1982ರ ಆಗಸ್ಟ್ 4ರ ಮಧ್ಯಾಹ್ನ ಜೋಯಲ್ ಯಂಗ್‌ಬ್ಲಡ್ ಎಂಬ ಆಟಗಾರ ಮೆಟ್ಸ್ ಪರವಾಗಿ ಶಿಕಾಗೋದಲ್ಲಿ ಹಿಟ್ ಹೊಡೆದ, ಅಂದರೆ ಚೆಂಡು ಬಾರಿಸಿ ಬೇಸ್ ಸೇರಿದ. ಆಟದ ನಡುವೆಯೇ ಅವನನ್ನು ಮಾಂಟ್ರಿಯಲ್ ತಂಡಕ್ಕೆ ಕೊಟ್ಟುಬಿಟ್ಟರು. ವಿಮಾನ ಹತ್ತಿ ಹೋಗಿ, ಅದೇ ರಾತ್ರಿ ಫಿಲಡೆಲ್ಫಿಯಾದಲ್ಲಿ ಹೊಸ ತಂಡಕ್ಕೂ ಹಿಟ್ ಹೊಡೆದ. ಒಂದೇ ದಿನ, ಎರಡು ಊರು, ಎರಡು ತಂಡ.

ಆಟವೇ ಮುಗಿಯದಿದ್ದರೆ? 1981ರ ಏಪ್ರಿಲ್ 18ರ ರಾತ್ರಿ ರೋಡ್ ಐಲೆಂಡ್‌ನ ಪಾಟಕೆಟ್‌ನಲ್ಲಿ ಹಾಗೇ ಆಯಿತು. ಬೇಸ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಆಟ ಸಮ ಆದರೆ ಬಿಡುವ ಪದ್ಧತಿ ಇಲ್ಲ, ಒಬ್ಬರು ಗೆಲ್ಲಲೇಬೇಕು. 9 ಇನಿಂಗ್ಸ್‌ನ ಆಟ 32 ಇನಿಂಗ್ಸ್ ಆದರೂ ಮುಗಿಯಲಿಲ್ಲ. ಚಳಿ ತಡೆಯಲಾರದೆ ಆಟಗಾರರು ಮುರಿದ ಬ್ಯಾಟ್‌ಗಳಿಗೆ ಬೆಂಕಿ ಹಾಕಿ ಕೈ ಕಾಯಿಸಿಕೊಂಡರು. ಪಿಚರ್ ಲೂಯಿಸ್ ಅಪಾಂಟೆ ಮನೆ ಸೇರಿದಾಗ ನಡುರಾತ್ರಿ ಕಳೆದಿತ್ತು. ಇಷ್ಟು ಹೊತ್ತು ಮೈದಾನದಲ್ಲೇ ಇದ್ದೆ ಅಂದರೆ ಯಾವ ಹೆಂಡತಿ ನಂಬುತ್ತಾಳೆ ಹೇಳಿ? ಅವನ ಹೆಂಡತಿಯೂ ನಂಬಲಿಲ್ಲ. ಬೆಳಗಿನ 4 ಗಂಟೆ 7 ನಿಮಿಷಕ್ಕೆ ಲೀಗ್ ಅಧ್ಯಕ್ಷರ ಆದೇಶದಂತೆ ಆಟ ನಿಲ್ಲಿಸಿದರು. ಆಗ ಉಳಿದಿದ್ದ ಪ್ರೇಕ್ಷಕರು 19 ಜನ.

ಜೂನ್ 23ರಂದು ಮತ್ತೆ ಮುಂದುವರಿಸಿದರು. ಈ ಸಲ ಮೈದಾನದ ತುಂಬಾ ಜನ. ರಾತ್ರಿಯೆಲ್ಲಾ ಕೂರುವ ತಯಾರಿ ಮಾಡಿಕೊಂಡು ಬಂದವರೂ ಇದ್ದಿರಬಹುದು.

18 ನಿಮಿಷದಲ್ಲಿ ಮುಗಿದುಹೋಯಿತು.

ನಮಸ್ಕಾರ.