ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಬರುತ್ತಿದ್ದ ದೆವ್ವ

ನಮಸ್ಕಾರ. ಈಗ ನೀವು ನೋಡುತ್ತಿರುವ ಊರು ಪಾರ್ಮಾ. ಅಮೆರಿಕದ ಒಹಾಯೋ ರಾಜ್ಯದಲ್ಲಿ, ಕ್ಲೀವ್‌ಲ್ಯಾಂಡ್‌ಗೆ ಅಂಟಿಕೊಂಡೇ ಇದೆ. ರಾತ್ರಿ ಹನ್ನೊಂದು ಇಪ್ಪತ್ತು. ಅಕ್ಟೋಬರ್ ಕೊನೆ. ಕಾರಿನ ಗಾಜಿಗೆ ಆಗಲೇ ತೆಳ್ಳಗೆ ಮಂಜು ಕಟ್ಟಿದೆ. ಒಂದೇ ಅಳತೆಯ ಸಣ್ಣ ಸಣ್ಣ ಮನೆಗಳು, ಮುಂದೆ ಒಂದಿಷ್ಟು ಹುಲ್ಲು, ಮೆಟ್ಟಿಲ ಮೇಲೆ ಹ್ಯಾಲೋವೀನ್‌ಗೆ ಇಟ್ಟ ಕುಂಬಳಕಾಯಿ.

ಬಲಗಡೆ ಮೂರನೇ ಮನೆ ನೋಡಿ. ಮೇಲಿನ ಆ ಸಣ್ಣ ಕಿಟಕಿ. 1998ರಲ್ಲಿ ಓದಲು ಬಂದಾಗ ನಾನು ಬಾಡಿಗೆಗೆ ಇದ್ದ ಕೋಣೆ ಅದು. ಮನೆಯ ಯಜಮಾನರು ಸಿಟಿ ಬಸ್ ಡ್ರೈವರ್. ಪೋಲೆಂಡ್ ಮೂಲದ ಮನೆತನ, ಹುಟ್ಟಿದ್ದು ಬೆಳೆದದ್ದು ಇದೇ ಬೀದಿಯಲ್ಲಿ. ಈಗಲೂ ಇಲ್ಲೇ ಇದ್ದಾರೆ. ಹೆಸರು, ಮುಖ ಬೇಡ ಅಂದಿದ್ದಾರೆ, ಹಾಗಾಗಿ ತೋರಿಸುವುದಿಲ್ಲ.

ಬಂದು ಮೂರು ತಿಂಗಳಾಗಿತ್ತು. ಮನೆಗೆ ಫೋನ್ ಮಾಡಬೇಕೆಂದರೆ ಕಾಲಿಂಗ್ ಕಾರ್ಡ್ ಬೇಕು, ಅದರಲ್ಲಿ ನಿಮಿಷ ಎಣಿಸಿ ಮಾತಾಡಬೇಕು. ಆ ಶುಕ್ರವಾರ ಅಮ್ಮ ಮಾತಿನ ಮಧ್ಯದಲ್ಲಿದ್ದಾಗಲೇ ಕಾರ್ಡ್ ಮುಗಿಯಿತು. ನೀರು ಕುಡಿಯಲು ಕೆಳಗೆ ಬಂದೆ. ಹಾಲಿನಲ್ಲಿ ಕತ್ತಲೆ, ಟಿವಿ ಮಾತ್ರ ಉರಿಯುತ್ತಿತ್ತು. ಅವರು ಸೋಫಾದಲ್ಲಿ ಕೂತಿದ್ದರು. ನನ್ನ ಮುಖ ನೋಡಿದವರು ಏನೂ ಕೇಳಲಿಲ್ಲ. ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಟಿವಿಯಲ್ಲಿ ಓಡುತ್ತಿದ್ದುದು ಕಪ್ಪು ಬಿಳುಪಿನ ಹಳೆಯ ದೆವ್ವದ ಸಿನಿಮಾ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸಿನಿಮಾ ನಿಲ್ಲುತ್ತಿತ್ತು. ಆಗ ಇಬ್ಬರು ಬರುತ್ತಿದ್ದರು. ಒಬ್ಬರು ದೊಡ್ಡ ಆಳು, ಇನ್ನೊಬ್ಬರು ತೀರಾ ಕುಳ್ಳಗೆ. ಏನೋ ಒಂದು ಸಣ್ಣ ನಾಟಕ ಆಡುತ್ತಿದ್ದರು. ಪ್ರತಿ ನಾಟಕದ ಕೊನೆಗೂ ಅದೇ ಒಂದು ವಿಚಿತ್ರ ನಗು ಕೇಳುತ್ತಿತ್ತು. ನನಗೆ ಅರ್ಧ ಮಾತು ಅರ್ಥವಾಗಲಿಲ್ಲ. ಆದರೆ ನಡುವೆ ಒಂದು ರಸ್ತೆಯ ಹೆಸರು ಬಂತು. ನಾನು ದಿನಾ ಬಸ್ ಹತ್ತುವ ರಸ್ತೆ! ಟಿವಿಯೊಳಗಿನ ದೆವ್ವದ ಮನೆಯಲ್ಲಿ ನಮ್ಮ ಬಸ್ ಸ್ಟಾಪಿನ ಮಾತು.

ನನಗೆ ಥಟ್ಟನೆ ನೆನಪಾದದ್ದು ಹೊನ್ನಾವರದ ಕಡೆಯ ನಮ್ಮೂರ ಬಯಲಾಟ. ಇಡೀ ರಾತ್ರಿ ನಡೆಯುವ ಆಟದಲ್ಲಿ ಹಾಸ್ಯಗಾರ ಬಂದರೆ ಪುರಾಣದ ನಡುವೆಯೇ ನಮ್ಮೂರ ಅಂಗಡಿ, ನಮ್ಮೂರ ಹೊಳೆ, ನಮ್ಮೂರ ಜಿಪುಣ ಎಲ್ಲರೂ ಬಂದುಬಿಡುತ್ತಾರೆ. ನಿದ್ದೆ ತೂಗುವ ಮಕ್ಕಳು ಕಣ್ಣು ಬಿಡುವುದು ಆಗಲೇ, ಅಲ್ವಾ? ಸಾವಿರಾರು ಮೈಲಿ ದೂರದಲ್ಲಿ, ಆ ಸೋಫಾದ ಮೇಲೆ, ನನ್ನ ಕಣ್ಣೂ ಹಾಗೇ ತೆರೆಯಿತು.

ಆ ಇಬ್ಬರು ಬಿಗ್ ಚಕ್ ಮತ್ತು ಲಿಲ್ ಜಾನ್. ಚಕ್ ಶೊಡೌಸ್ಕಿ ಟಿವಿ ಸ್ಟೇಷನ್ನಿನಲ್ಲಿ ಎಂಜಿನಿಯರ್ ಆಗಿ ಕೆಲಸ ಶುರು ಮಾಡಿದವರು. ಜಾನ್ ರಿನಾಲ್ಡಿ ಒಡವೆ ವ್ಯಾಪಾರದವರು. ಇಬ್ಬರೂ ಕ್ಲೀವ್‌ಲ್ಯಾಂಡಿನ ಚಾನೆಲ್ 8ರಲ್ಲಿ 1979ರಿಂದ 2007ರವರೆಗೆ, 28 ವರ್ಷ, ಊರಿಗೆ ರಾತ್ರಿ ಹೊತ್ತು ಸಿನಿಮಾ ತೋರಿಸಿದರು.

ಇಂಥವರನ್ನು ಇಲ್ಲಿ ಹಾರರ್ ಹೋಸ್ಟ್ ಅನ್ನುತ್ತಾರೆ. ದೆವ್ವದ ಸಿನಿಮಾ ಹಾಕಿ, ಮಧ್ಯೆ ಮಧ್ಯೆ ತಾವೇ ವೇಷ ಹಾಕಿಕೊಂಡು ಬಂದು ಮಾತಾಡುವವರು. ನಾನು ದೂರದರ್ಶನ ನೋಡಿ ಬೆಳೆದವನು. ನಮಗೆ ಭಾನುವಾರ ಸಂಜೆಯ ಕನ್ನಡ ಸಿನಿಮಾ ಅಂದರೆ ಇಡೀ ರಾಜ್ಯಕ್ಕೆ ಒಂದೇ. ಒಂದೊಂದು ಊರಿಗೂ ಬೇರೆ ಟಿವಿ ಸ್ಟೇಷನ್, ಒಂದೊಂದು ಊರಿಗೂ ಅದರದೇ ದೆವ್ವ ಅನ್ನುವುದು ನನಗೆ ಹೊಸದು.

ಇದು ಶುರುವಾದದ್ದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ಅಮೆರಿಕದಲ್ಲಿ ಸಂಜೆಯ ದೊಡ್ಡ ಕಾರ್ಯಕ್ರಮಗಳೆಲ್ಲ ದೊಡ್ಡ ನೆಟ್‌ವರ್ಕ್‌ಗಳಿಂದ ಬರುತ್ತಿದ್ದವು. ರಾತ್ರಿ ಹನ್ನೊಂದರ ವಾರ್ತೆ ಮುಗಿದ ಮೇಲೆ ಎಷ್ಟೋ ಕಡೆ ಆ ಹೊತ್ತು ಊರಿನ ಸ್ಟೇಷನ್ನಿಗೇ ಬಿಟ್ಟದ್ದು. ಏನಾದರೂ ಹಾಕಬೇಕು, ಖರ್ಚು ಮಾತ್ರ ಕಮ್ಮಿ ಇರಬೇಕು. 1957ರಲ್ಲಿ ಸ್ಕ್ರೀನ್ ಜೆಮ್ಸ್ ಅನ್ನುವ ಕಂಪನಿ ಯೂನಿವರ್ಸಲ್ ಸ್ಟುಡಿಯೋದ 52 ಹಳೆಯ ಸಿನಿಮಾಗಳನ್ನು ಒಟ್ಟು ಕಟ್ಟಿ, 'ಶಾಕ್' ಅಂತ ಹೆಸರಿಟ್ಟು, ಟಿವಿ ಸ್ಟೇಷನ್‌ಗಳಿಗೆ ಬಾಡಿಗೆಗೆ ಕೊಟ್ಟಿತು. ಡ್ರಾಕುಲಾ, ಫ್ರಾಂಕನ್‌ಸ್ಟೈನ್, ಮಮ್ಮಿ, ತೋಳಮನುಷ್ಯ ಎಲ್ಲರೂ ಅದರಲ್ಲಿದ್ದರು. ಅದನ್ನು ತೋರಿಸಲು ಒಬ್ಬ ನಿರೂಪಕ ಇದ್ದರೆ ಒಳ್ಳೆಯದು ಅನ್ನುವ ಸಲಹೆಯೂ ಜೊತೆಗೆ ಬಂತು. ಇದ್ದಕ್ಕಿದ್ದ ಹಾಗೆ ದೇಶದ ತುಂಬ ಹವಾಮಾನ ಹೇಳುವವರು, ಜಾಹೀರಾತು ಓದುವವರು ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಶವಪೆಟ್ಟಿಗೆಯಿಂದ ಎದ್ದು ಬಂದರು.

ಅವರೆಲ್ಲರಿಗಿಂತ ಮೊದಲು ಒಬ್ಬ ಹೆಂಗಸು ಇದ್ದರು. 1954ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಮೈಲಾ ನೂರ್ಮಿ. ವೇಷದ ಹೆಸರು ವ್ಯಾಂಪೀರಾ. ಮಂಜು ತುಂಬಿದ ಉದ್ದನೆಯ ಓಣಿಯಲ್ಲಿ ಕಪ್ಪು ಬಟ್ಟೆ ಹಾಕಿಕೊಂಡು ನಿಧಾನವಾಗಿ ನಡೆದು ಬಂದು, ಕ್ಯಾಮೆರಾ ಹತ್ತಿರ ನಿಂತು ಚೀರುತ್ತಿದ್ದರು. ಮರುವರ್ಷವೇ ಕಾರ್ಯಕ್ರಮ ನಿಂತಿತು. ಇವತ್ತು ಅವರ ಒಂದು ಪೂರ್ತಿ ಕಂತು ಕೂಡ ಉಳಿದಿಲ್ಲ. ಸಣ್ಣ ತುಣುಕು ಇದೆ, ಅಷ್ಟೇ. ಆ ತುಣುಕು ನೋಡಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅದು ದೆವ್ವದ ಹೆದರಿಕೆ ಅಲ್ಲ. ಇಷ್ಟು ಒಳ್ಳೆಯ ಕೆಲಸ ಇಷ್ಟು ಬೇಗ ಮಾಯವಾಗಬಹುದಾ ಅನ್ನುವ ಹೆದರಿಕೆ.

ಆದರೆ ನಮ್ಮ ಮನೆ ಯಜಮಾನರ ದೆವ್ವ ಇವರ್ಯಾರೂ ಅಲ್ಲ. ಅವರ ದೆವ್ವದ ಹೆಸರು ಗೂಲಾರ್ಡಿ.

ಈಗ ಕಾರು ಯೂಕ್ಲಿಡ್ ಅವೆನ್ಯೂಗೆ ಬಂದಿದೆ. ಕ್ಲೀವ್‌ಲ್ಯಾಂಡಿನ ಹಳೆಯ ನಾಟಕ ಮಂದಿರಗಳ ಬೀದಿ, ಪ್ಲೇಹೌಸ್ ಸ್ಕ್ವೇರ್. ಆಗ ಚಾನೆಲ್ 8ರ ಸ್ಟುಡಿಯೋ ಇದ್ದದ್ದು ಇಲ್ಲೇ. 1963ರ ಜನವರಿಯಲ್ಲಿ, ಶುಕ್ರವಾರ ರಾತ್ರಿಯ ದೆವ್ವದ ಸಿನಿಮಾಕ್ಕೆ ಅರ್ನಿ ಆಂಡರ್ಸನ್ ಅನ್ನುವ ಅನೌನ್ಸರ್ ಬಂದರು. ಮುಖ ಗುರುತು ಸಿಗಬಾರದು ಅಂತ ಅಂಟಿಸಿಕೊಂಡ ಮೀಸೆ, ಹೋತದ ಗಡ್ಡ, ಕೆದರಿದ ಕೂದಲಿನ ಟೋಪನ್, ಒಂದು ಕಡೆ ಗಾಜಿಲ್ಲದ ಕನ್ನಡಕ. ಬಿಳಿ ಲ್ಯಾಬ್ ಕೋಟು, ಅದರ ತುಂಬ ಬಿಲ್ಲೆಗಳು.

ಬೇರೆ ಊರುಗಳ ದೆವ್ವಗಳು ಹೆದರಿಸಲು ನೋಡುತ್ತಿದ್ದವು. ಗೂಲಾರ್ಡಿ ಹೆದರಿಸಲಿಲ್ಲ. ಸಿನಿಮಾ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತ ಬಾಯಿ ಬಿಟ್ಟು ಹೇಳಿದರು. ಗುಹೆಯಲ್ಲಿ ಯಾರೋ ರಾಕ್ಷಸನಿಂದ ಓಡುತ್ತಿದ್ದರೆ, ಆ ಗುಹೆಯೊಳಗೆ ತಾವೂ ಓಡುವ ಹಾಗೆ ಚಿತ್ರ ಸೇರಿಸಿಬಿಡುತ್ತಿದ್ದರು. ನೋಡುವ ಮಕ್ಕಳು ಅಂಚೆಯಲ್ಲಿ ಕಳಿಸಿದ ಆಟದ ಕಾರು, ಮಾದರಿ ಹಡಗುಗಳನ್ನು ಪಟಾಕಿ ಇಟ್ಟು ಸ್ಟುಡಿಯೋದಲ್ಲೇ ಹಾರಿಸುತ್ತಿದ್ದರು. ಎಲ್ಲ ನೇರ ಪ್ರಸಾರ. 'ಸ್ಟೇ ಸಿಕ್', 'ಟರ್ನ್ ಬ್ಲೂ' ಅನ್ನುವುದು ಅವರ ಮಾತು. 'ಫಿಂಕ್' ಅನ್ನುವ ಬೈಗುಳವನ್ನು ತಿರುಗಿಸಿ 'ಕ್ನಿಫ್' ಮಾಡಿದ್ದರು. ಸೋಮವಾರ ಇಡೀ ಊರಿನ ಶಾಲೆಗಳಲ್ಲಿ ಅದೇ ಮಾತು. ಎದುರಾಳಿ ಚಾನೆಲ್ಲಿನಲ್ಲಿ ವಾರ್ತೆ ಓದುತ್ತಿದ್ದ, ಊರೆಲ್ಲ ಗೌರವಿಸುತ್ತಿದ್ದ ಹಿರಿಯ ಮಹಿಳೆ ಡೊರೊಥಿ ಫುಲ್ಡ್‌ಹೈಮ್ ಅವರನ್ನೂ ಬಿಡಲಿಲ್ಲ. 'ಡೊರೊಥಿ ಬೇಬಿ' ಅಂತ ಕರೆಯುತ್ತಿದ್ದರು. ಶುಕ್ರವಾರ ರಾತ್ರಿ ಹುಡುಗರೆಲ್ಲ ಟಿವಿ ಮುಂದೆ ಇರುತ್ತಿದ್ದರು, ಪೊಲೀಸರಿಗೆ ಕೆಲಸ ಕಮ್ಮಿ ಇತ್ತು ಅನ್ನುವ ಮಾತು ಊರಲ್ಲಿ ಇನ್ನೂ ಓಡಾಡುತ್ತದೆ.

ಎಲ್ಲಕ್ಕಿಂತ ಜಾಸ್ತಿ ಅವರು ರೇಗಿಸಿದ್ದು ಪಾರ್ಮಾವನ್ನು. ಪೋಲೆಂಡ್, ಉಕ್ರೇನ್ ಕಡೆಯಿಂದ ಬಂದ ಕಾರ್ಖಾನೆ ಕೆಲಸದವರ ಊರು. ಗಂಡಸರು ಹಾಕುವ ಬಿಳಿ ಕಾಲುಚೀಲ, ಹಿಂದೆ ಪೋಲ್ಕಾ ಸಂಗೀತ, ಅಂಗಳದಲ್ಲಿ ನಿಲ್ಲಿಸುವ ಗುಲಾಬಿ ಪ್ಲಾಸ್ಟಿಕ್ ಫ್ಲೆಮಿಂಗೊ ಹಕ್ಕಿ. 'ಪಾರ್ಮಾ' ಅನ್ನುವ ಹೆಸರನ್ನೇ ಎಳೆದು ಎಳೆದು ಹೇಳಿದರೆ ಸಾಕು, ಜನ ನಗುತ್ತಿದ್ದರು. 'ಪಾರ್ಮಾ ಪ್ಲೇಸ್' ಅಂತ ಒಂದು ಧಾರಾವಾಹಿಯನ್ನೇ ಮಾಡಿದರು. ಪಾರ್ಮಾದ ಮುಖಂಡರು ದೂರು ಕೊಟ್ಟರು, ಅದು ನಿಂತಿತು.

ನಾನು ಇದನ್ನು ಸುಮ್ನೆ ದಾಟಿ ಹೋಗಲಾರೆ. ನಮ್ಮ ಯಜಮಾನರ ಅಮ್ಮ ಪಾರ್ಮಾದ ಹೆಂಗಸು. ಗಂಡನ ಬಿಳಿ ಕಾಲುಚೀಲವನ್ನು ತೊಳೆದು, ಹಿಂಡಿ, ಹಿತ್ತಿಲಲ್ಲಿ ಒಣ ಹಾಕುತ್ತಿದ್ದವರು. ಗೂಲಾರ್ಡಿ ಬಂದ ಮೇಲೆ ಅವುಗಳನ್ನು ಮನೆಯೊಳಗೆ ಒಣ ಹಾಕಲು ಶುರು ಮಾಡಿದರಂತೆ. ಅವರಿಗೆ ನೋವಾಗಿತ್ತು. ಆದರೆ 12 ವರ್ಷದ ಮಗ? ಅವನಿಗೆ ತನ್ನ ಊರಿನ ಹೆಸರು ಟಿವಿಯಲ್ಲಿ ಬಂತು ಅನ್ನುವುದೇ ಹಬ್ಬ. ಬೇಕೆಂದೇ ಬಿಳಿ ಕಾಲುಚೀಲ ಹಾಕಿಕೊಂಡು ಶಾಲೆಗೆ ಹೋದ. ಇಬ್ಬರದೂ ನಿಜ. ಊರಿನವನೇ ರೇಗಿಸಿದರೆ ಒಂದು ಥರ, ಹೊರಗಿನವನು ರೇಗಿಸಿದರೆ ಇನ್ನೊಂದು ಥರ. ಆಂಡರ್ಸನ್ ಹುಟ್ಟಿದ್ದು ಬೇರೆ ಕಡೆ. ಆ ಅಮ್ಮನ ನೋವು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

1966ರ ಕೊನೆಗೆ ಆಂಡರ್ಸನ್ ಗಡ್ಡ ತೆಗೆದಿಟ್ಟು ಲಾಸ್ ಏಂಜಲೀಸಿಗೆ ಹೋದರು. ಎಬಿಸಿ ಚಾನೆಲ್ಲಿನ ದೊಡ್ಡ ಗಂಭೀರ ದನಿ ಆದರು. 1997ರಲ್ಲಿ ತೀರಿಕೊಂಡರು. ಅವರ ಮಗನೇ ನಿರ್ದೇಶಕ ಪಾಲ್ ಥಾಮಸ್ ಆಂಡರ್ಸನ್. ಮಗ ತನ್ನ ಸಿನಿಮಾ ಕಂಪನಿಗೆ ಇಟ್ಟ ಹೆಸರು ಗೂಲಾರ್ಡಿ ಫಿಲ್ಮ್ ಕಂಪನಿ. ಈ ವಿಷಯ ತಿಳಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಗೂಲಾರ್ಡಿ ಹೋದ ಮೇಲೆ ಅವರಿಗೆ ಸದ್ದು ಗದ್ದಲ ಹೊಂದಿಸಿಕೊಡುತ್ತಿದ್ದ ಎಂಜಿನಿಯರ್, ಅದೇ ಚಕ್, ಹವಾಮಾನ ಹೇಳುವ ಬಾಬ್ ವೆಲ್ಸ್ ಜೊತೆ ಸೇರಿ ಅದೇ ಡಿಸೆಂಬರ್‌ನಲ್ಲಿ ಜಾಗ ತುಂಬಿದರು. ಆಮೇಲೆ ಜಾನ್ ಬಂದರು. ಗೂಲಾರ್ಡಿಯ ಹಿಂದೆ ಗೊರಿಲ್ಲಾ ವೇಷ ಹಾಕಿಕೊಂಡು ಹೋಗಿ ಸಹಾಯಕನಾದ ರಾನ್ ಸ್ವೀಡ್ ಅನ್ನುವ ಹುಡುಗ, 1971ರಲ್ಲಿ 'ದ ಗೂಲ್' ಹೆಸರಿನಲ್ಲಿ ತಾನೇ ವೇಷ ಕಟ್ಟಿದ. ಬಯಲಾಟದ ಮೇಳದಲ್ಲಿ ಚಿಕ್ಕ ಹುಡುಗ ಬಾಲಗೋಪಾಲ ವೇಷದಿಂದ ಶುರು ಮಾಡಿ ಮೇಲೆ ಬರುತ್ತಾನಲ್ಲ, ಹಾಗೆ.

ಬೇರೆ ಊರುಗಳಲ್ಲೂ ಇದ್ದರು. ಫಿಲಡೆಲ್ಫಿಯಾ, ಆಮೇಲೆ ನ್ಯೂಯಾರ್ಕಿನಲ್ಲಿ ಜಾನ್ ಜ್ಯಾಕರ್ಲಿ. 98 ವರ್ಷ ಬದುಕಿದರು. ಪಿಟ್ಸ್‌ಬರ್ಗಿನಲ್ಲಿ ಬಿಲ್ ಕಾರ್ಡಿಲ್. 1968ರ 'ನೈಟ್ ಆಫ್ ದ ಲಿವಿಂಗ್ ಡೆಡ್' ಸಿನಿಮಾದಲ್ಲಿ ವರದಿಗಾರನಾಗಿ ಕಾಣುವವರು ಅವರೇ. ಓಕ್‌ಲ್ಯಾಂಡಿನ ಬಾಬ್ ವಿಲ್ಕಿನ್ಸ್ ವೇಷವನ್ನೇ ಹಾಕಲಿಲ್ಲ. ಕುರ್ಚಿಯಲ್ಲಿ ತೂಗುತ್ತಾ, ಸಿಗಾರ್ ಹಿಡಿದು, ಇದೇ ಹೊತ್ತಿಗೆ ಬೇರೆ ಚಾನೆಲ್ಲಿನಲ್ಲಿ ಏನು ಬರುತ್ತಿದೆ ಅಂತ ಓದಿ ಹೇಳುತ್ತಿದ್ದರು. ನನಗೆ ಅವರೆಂದರೆ ತುಂಬಾ ಇಷ್ಟ. ಷಿಕಾಗೋದ ಸ್ವೆನ್‌ಗೂಲಿ 1970ರಲ್ಲಿ ಶುರುವಾದದ್ದು. 1979ರಿಂದ ಆ ಪರಂಪರೆ ರಿಚ್ ಕಾಜ್ ಅವರದು. 2011ರಿಂದ ಇಡೀ ದೇಶಕ್ಕೆ ಕಾಣುತ್ತಾರೆ, ರಬ್ಬರ್ ಕೋಳಿಗಳ ಸಮೇತ.

ಹಾಗಾದರೆ ಉಳಿದವರೆಲ್ಲ ಏಕೆ ಹೋದರು? ಕೇಬಲ್ ಬಂತು, ವಿಸಿಆರ್ ಬಂತು. ಆದರೆ ನನ್ನ ಪ್ರಕಾರ ದೊಡ್ಡ ಏಟು ಬೇರೆ. 1984ರಲ್ಲಿ ಟಿವಿಯಲ್ಲಿ ಜಾಹೀರಾತಿಗೆ ಇದ್ದ ಸಮಯದ ಮಿತಿಯನ್ನು ಸರ್ಕಾರ ತೆಗೆದುಹಾಕಿತು. ಮಧ್ಯರಾತ್ರಿಯ ಅರ್ಧ ಗಂಟೆಯನ್ನು ಪೂರ್ತಿ ಮಾರಬಹುದು ಅಂತಾಯಿತು. ಚಾಕು, ವ್ಯಾಯಾಮದ ಯಂತ್ರ, ತೂಕ ಇಳಿಸುವ ಪುಡಿ. ದುಡ್ಡು ಕೊಟ್ಟು ಕಾರ್ಯಕ್ರಮ ಮಾಡುವುದಕ್ಕಿಂತ ದುಡ್ಡು ತೆಗೆದುಕೊಂಡು ಜಾಹೀರಾತು ಹಾಕುವುದು ಸುಲಭ. ಊರ ಸ್ಟೇಷನ್‌ಗಳನ್ನು ದೊಡ್ಡ ಕಂಪನಿಗಳು ಕೊಂಡುಕೊಂಡವು. ಪಾರ್ಮಾ ಅಂದರೆ ಏಕೆ ನಗು ಬರುತ್ತದೆ ಅಂತ ದೂರದ ಊರಿನ ಕಂಪನಿಗೆ ಹೇಗೆ ಗೊತ್ತಾಗಬೇಕು?

ಅವರು ಮಾಡಿದ್ದೂ ಉಳಿಯಲಿಲ್ಲ. ನೇರ ಪ್ರಸಾರವನ್ನು ರೆಕಾರ್ಡ್ ಮಾಡಬೇಕೆಂದರೆ ಆಗಿನ ವಿಡಿಯೋ ಟೇಪು ಎರಡು ಇಂಚು ಅಗಲ, ತುಂಬಾ ದುಬಾರಿ. ಒಂದರ ಮೇಲೆ ಒಂದು ಅಳಿಸಿ ಬರೆಯುತ್ತಿದ್ದರು. ಸುಮಾರು ನಾಲ್ಕು ವರ್ಷ ಇಡೀ ಊರನ್ನು ಎಚ್ಚರವಿಟ್ಟ ಗೂಲಾರ್ಡಿಯದು ಇವತ್ತು ಸಿಗುವುದು ಬೆರಳೆಣಿಕೆಯ ತುಣುಕು.

ಈಗ ಮತ್ತೆ ಪಾರ್ಮಾ. ಮೂರನೇ ಮನೆ, ಅಡುಗೆ ಮನೆಯ ಮೇಜು. ಇವು ನಮ್ಮ ಯಜಮಾನರ ಕೈಗಳು. 2007ರಲ್ಲಿ ಬಿಗ್ ಚಕ್ ಕೊನೆಯ ಸಿನಿಮಾ ತೋರಿಸಿದಾಗ ನಾನು ಬೇರೆ ಮನೆಗೆ ಹೋಗಿ ವರ್ಷಗಳೇ ಆಗಿದ್ದವು. ಆ ರಾತ್ರಿ ಕಾರು ಹತ್ತಿ ಇಲ್ಲಿಗೆ ಬಂದು, ಅದೇ ಸೋಫಾದಲ್ಲಿ ಇವರ ಜೊತೆ ಕೂತು ನೋಡಿದೆ. ಆದರೆ ಇದನ್ನು ಅವರು ನನಗೆ ಯಾವತ್ತೂ ತೋರಿಸಿರಲಿಲ್ಲ. ಹೋದ ತಿಂಗಳು ಅಟ್ಟ ಖಾಲಿ ಮಾಡುವಾಗ ಸಿಕ್ಕಿತಂತೆ.

ಸ್ಪೂಲ್ ಟೇಪು. ವಿಡಿಯೋ ಅಲ್ಲ, ಬರೀ ಧ್ವನಿ. 1964ರ ಒಂದು ಶುಕ್ರವಾರ ಇವರ ಅಣ್ಣ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಮೊದಲು ಜೊರ್ ಅನ್ನುವ ಸದ್ದು. ಆಮೇಲೆ ಅವರ ದನಿ, ಆಂಡರ್ಸನ್ ಅವರದು, ದೂರದಿಂದ ಬಂದ ಹಾಗೆ. ಪಾರ್ಮಾ ಅನ್ನುತ್ತಾರೆ. ಪೋಲ್ಕಾ ಶುರುವಾಗುತ್ತದೆ.

ಈಗ ಒಂದು ಬಾಗಿಲು ತೆಗೆದ ಸದ್ದು ಬರುತ್ತದೆ. ಅದು ಟಿವಿಯದಲ್ಲ. ಈ ಮನೆಯದು. ಒಬ್ಬ ಹೆಂಗಸು ಪೋಲಿಷ್‌ನಲ್ಲಿ ಏನೋ ಹೇಳುತ್ತಾರೆ. ಯಜಮಾನರು ನನಗೆ ಅರ್ಥ ಹೇಳಿದರು. "ಸೌಂಡ್ ಕಮ್ಮಿ ಮಾಡಿ, ಅಪ್ಪ ಮಲಗಿದ್ದಾರೆ."

ಸೌಂಡ್ ಕಮ್ಮಿಯಾಗುತ್ತದೆ. ಹೆಜ್ಜೆ ಸಪ್ಪಳಕ್ಕೆ ಕಾಯುತ್ತೇವೆ, ಅವರು ವಾಪಸ್ ಹೋಗಬೇಕಲ್ಲ. ಸಪ್ಪಳ ಬರುವುದಿಲ್ಲ. ಪಟಾಕಿ ಢಂ ಅನ್ನುತ್ತದೆ, ಹುಡುಗರು ನಗುತ್ತಾರೆ. ಆಮೇಲೆ ಒಂದು ಕುರ್ಚಿ ಎಳೆದ ಸದ್ದು.

ನಾನು ಮಾತು ನಿಲ್ಲಿಸುತ್ತೇನೆ. ನೀವೇ ಕೇಳಿ.