ಶೃಂಗಾರ ಯಾರ ಬಾಯಲ್ಲಿ?

ಕೇಳುಗರೇ, ನಮಸ್ಕಾರ.

ರಾಧೆ ತಾನೇ ಸಾಕಿ ಬೆಳೆಸಿದ ಇಳಾದೇವಿಯನ್ನು ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ. ಕೊಟ್ಟ ಮೇಲೆ ಸಂಕಟ ಶುರುವಾಗುತ್ತದೆ. ಸಿಟ್ಟು, ಹೊಟ್ಟೆಕಿಚ್ಚು, ಬಯಕೆ ಮೂರೂ ಒಟ್ಟಿಗೇ ಉಕ್ಕುತ್ತವೆ. ಕೊನೆಗೆ ಕೃಷ್ಣನೇ ಬಂದು ಅವಳನ್ನು ರಮಿಸಬೇಕಾಗುತ್ತದೆ. ಇದು 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಕಾವ್ಯದ ಕಥೆ. ಬರೆದವಳು ಮುದ್ದುಪಳನಿ, 18ನೆಯ ಶತಮಾನದಲ್ಲಿ ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಗಣಿಕೆ. ಅವಳ ಕಾಲದಲ್ಲಿ ಈ ಕಾವ್ಯಕ್ಕೆ ಮನ್ನಣೆ ಸಿಕ್ಕಿತ್ತು. ಅದು ಅಪರಾಧವಾದದ್ದು ಸುಮಾರು ನೂರೈವತ್ತು ವರ್ಷ ಕಳೆದ ಮೇಲೆ.

ಸಾಹಿತ್ಯದಲ್ಲಿ ಹೆಣ್ಣು ಗಂಡೆಂಬ ಭೇದ, ಅಧಿಕಾರ, ಸಂಸ್ಕೃತಿಯ ಪೂರ್ವಗ್ರಹ ಎಂದಾಗ ನಾವು ಸಾಮಾನ್ಯವಾಗಿ ಪಾತ್ರಗಳನ್ನು ನೋಡುತ್ತೇವೆ. ಸೀತೆ ಹೇಗಿದ್ದಾಳೆ, ದ್ರೌಪದಿ ಏನು ಕೇಳಿದಳು ಎಂದು. ನೋಡಬೇಕಾದದ್ದೇ. ಆದರೆ ಪುಸ್ತಕದ ಒಳಗಿರುವ ಪೂರ್ವಗ್ರಹಕ್ಕಿಂತ, ಪುಸ್ತಕವನ್ನು ಅಚ್ಚು ಹಾಕಿಸುವವರ, ಕತ್ತರಿಸುವವರ, ತೀರ್ಪು ಕೊಡುವವರ ಕೈಯಲ್ಲಿರುವುದೇ ಹೆಚ್ಚು ಬಲವಾದದ್ದು ಎಂದು ನನಗನ್ನಿಸುತ್ತದೆ. ಅದು ಕಣ್ಣಿಗೆ ಬೀಳುವುದಿಲ್ಲವಲ್ಲ.

ಈ ಕಾವ್ಯ 1887ರಲ್ಲಿ ಅಚ್ಚಾಯಿತು. ಆಗ ಕೆಲವು ಪದ್ಯಗಳನ್ನು ಕೈಬಿಟ್ಟರು. ಬರೀ ಶೃಂಗಾರದ ಪದ್ಯಗಳನ್ನು ಬಿಟ್ಟಿದ್ದರೆ ಆ ಕಾಲದ ಮಡಿವಂತಿಕೆ ಎಂದು ಸುಮ್ಮನಾಗಬಹುದಿತ್ತು. ಜೊತೆಗೆ ಕವಯಿತ್ರಿ ತನ್ನ ವಂಶವನ್ನು ಹೇಳಿಕೊಳ್ಳುವ ಪೀಠಿಕೆಯೂ ಹೋಯಿತು. ಕಾವ್ಯದ ಮೊದಲಲ್ಲಿ ಕವಿಗಳು ತಂದೆ, ತಾತ, ಮುತ್ತಾತರನ್ನು ನೆನೆಯುವುದು ವಾಡಿಕೆ. ಮುದ್ದುಪಳನಿ ನೆನೆದದ್ದು ತನ್ನ ಅಜ್ಜಿ ತಂಜನಾಯಕಿಯನ್ನು. ಹೆಂಗಸರ ಕಡೆಯಿಂದ ಬಂದ ವಿದ್ಯೆ, ಹೆಂಗಸರ ಕಡೆಯಿಂದ ಬಂದ ಹೆಸರು. ಅದರಲ್ಲಿ ಅಶ್ಲೀಲವೇನಿತ್ತು? ಆದರೂ ಆ ಹಾಳೆಗಳು ಓದುಗರಿಗೆ ಸಿಗಲಿಲ್ಲ.

ಇನ್ನು ತೀರ್ಪಿನ ಮಾತು. ತೆಲುಗು ಕವಿಗಳ ಚರಿತ್ರೆ ಬರೆದ ಕಂದುಕೂರಿ ವೀರೇಶಲಿಂಗಂ ಅವರು ಈ ಕಾವ್ಯವನ್ನು ಕಟುವಾಗಿ ಖಂಡಿಸಿದರು. ಹೆಂಗಸಿನ ಬಾಯಲ್ಲಿ ಬರುವುದಿರಲಿ, ಹೆಂಗಸಿನ ಕಿವಿಗೂ ಬೀಳಬಾರದಂಥ ಭಾಗಗಳು ಇದರಲ್ಲಿವೆ ಎಂಬುದು ಅವರ ಮಾತಿನ ತಾತ್ಪರ್ಯ. ಕವಯಿತ್ರಿಯ ನಡತೆಯನ್ನೂ ಹಳಿದರು. ಅವರನ್ನು ಹೆಣ್ಣಿನ ವೈರಿ ಎಂದು ತಳ್ಳಿಹಾಕಿದರೆ ನಮಗೆ ಕೆಲಸ ಸುಲಭವಾಗುತ್ತಿತ್ತು. ಹಾಗಿಲ್ಲ. ವಿಧವೆಯರ ಮರುಮದುವೆಗಾಗಿ ಊರವರನ್ನೆಲ್ಲ ಎದುರು ಹಾಕಿಕೊಂಡ ಮನುಷ್ಯ ಅವರು, 1881ರಲ್ಲಿ ರಾಜಮಂಡ್ರಿಯಲ್ಲಿ ಅಂಥ ಮದುವೆ ಮಾಡಿಸಿದವರು, ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಅವರಿಗೆ ಬೇಕಿದ್ದ ಹೊಸ ಹೆಣ್ಣು ಓದಬೇಕು, ಮನೆ ನಡೆಸಬೇಕು, ಗೌರವದಿಂದ ಬಾಳಬೇಕು. ತನ್ನ ಬಯಕೆಯನ್ನು ತಾನೇ ಪದ್ಯ ಕಟ್ಟಿ ಹಾಡುವ ಗಣಿಕೆಗೆ ಆ ಚಿತ್ರದಲ್ಲಿ ಜಾಗವಿರಲಿಲ್ಲ.

ಇಲ್ಲಿಗೆ ಬರುತ್ತಾರೆ ಬೆಂಗಳೂರು ನಾಗರತ್ನಮ್ಮ. ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ. ಕನ್ನಡ, ಸಂಸ್ಕೃತ, ತೆಲುಗು ಓದಿಕೊಂಡಿದ್ದರು. ಮದರಾಸಿನಲ್ಲಿ ಹಾಡಿ ದೊಡ್ಡ ಹೆಸರು ಮಾಡಿದರು. ಈ ಕಾವ್ಯದ ಪ್ರಸ್ತಾಪ ಎಲ್ಲೋ ಕಣ್ಣಿಗೆ ಬಿದ್ದದ್ದೇ ಹುಡುಕಿ ತರಿಸಿಕೊಂಡರು. ಅಚ್ಚಾದ ಪ್ರತಿಯಲ್ಲಿ ಏನೋ ತಪ್ಪಿದೆ ಎಂದು ಗೊತ್ತಾಗಿ ಹಸ್ತಪ್ರತಿಯನ್ನೂ ಸಂಪಾದಿಸಿದರು. 1910ರಲ್ಲಿ ವಾವಿಳ್ಳ ಪ್ರಕಾಶಕರ ಮೂಲಕ ಪೂರ್ತಿ ಕಾವ್ಯವನ್ನು, ಕಳೆದುಹೋಗಿದ್ದ ಪೀಠಿಕೆಯೊಂದಿಗೆ, ಹೊರತಂದರು. ಮುನ್ನುಡಿಯಲ್ಲಿ ವೀರೇಶಲಿಂಗಂ ಅವರಿಗೆ ನೇರವಾಗಿಯೇ ಉತ್ತರ ಕೊಟ್ಟರು: ನಾಚಿಕೆ ಹೆಂಗಸರಿಗೆ ಮಾತ್ರವೇ, ಗಂಡಸರಿಗೆ ಬೇಡವೇ? ಇದಕ್ಕಿಂತ ಬಿಚ್ಚುಮಾತಿನ ಕಾವ್ಯಗಳನ್ನು ಗಂಡಸರು ಬರೆದಿದ್ದಾರಲ್ಲ, ಅವಕ್ಕೆ ನಿಮ್ಮಂಥ ಪಂಡಿತರದೇ ಒಪ್ಪಿಗೆ ಇದೆಯಲ್ಲ?

ಮಾತಿನಲ್ಲಿ ಹುರುಳಿತ್ತು. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ಬರೆದ 'ಪಾರಿಜಾತಾಪಹರಣಮು' ಕಾವ್ಯದಲ್ಲಿ ಮುನಿದ ಸತ್ಯಭಾಮೆ ಕೃಷ್ಣನ ತಲೆಯನ್ನು ಎಡಗಾಲಿನಿಂದ ಒದೆಯುತ್ತಾಳೆ. ತೆಲುಗರು ಇಂದಿಗೂ ಆ ಪದ್ಯವನ್ನು ಬಾಯಿತುಂಬ ಹೇಳಿ ಮೆಚ್ಚುತ್ತಾರೆ. ಹೆಣ್ಣಿನ ಮುನಿಸನ್ನು ಗಂಡು ಕಲ್ಪಿಸಿಕೊಂಡರೆ ಅದು ರಸ. ಅದೇ ಮುನಿಸು ಹೆಣ್ಣಿನ ಲೇಖನಿಯಿಂದ ಬಂದರೆ ಅವಳ ಚಾರಿತ್ರ್ಯಕ್ಕೆ ಸಾಕ್ಷಿ.

1911ರಲ್ಲಿ ಬ್ರಿಟಿಷ್ ಸರ್ಕಾರ ಮಧ್ಯೆ ಬಂತು. ಪುಸ್ತಕ ಅಶ್ಲೀಲವೆಂದು ಪ್ರತಿಗಳನ್ನು ಜಪ್ತಿ ಮಾಡಿತು. ಪಂಡಿತರು ಮನವಿ ಕೊಟ್ಟರು, ಫಲವಾಗಲಿಲ್ಲ. ಕಾವ್ಯದ ಭಾಷೆ ತಿಳಿಯದ ಅಧಿಕಾರಿಗಳು ಸರ್ಕಾರಿ ಅನುವಾದಕರ ಅಭಿಪ್ರಾಯವನ್ನು ನಂಬಿ ಆಜ್ಞೆ ಹೊರಡಿಸಿದ ಪ್ರಸಂಗ ಅದು. ಆ ಅನುವಾದಕರೂ ನಮ್ಮವರೇ ಎಂಬುದನ್ನು ಮರೆಯಬಾರದು. ದೊರೆಗಳ ಕಾನೂನಿಗೆ ನಮ್ಮ ಸಂಕೋಚ ಕೈಜೋಡಿಸಿತು. ನಿಷೇಧ ತೆರವಾದದ್ದು 1947ರಲ್ಲಿ, ಮದರಾಸು ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರಾಗಿದ್ದ ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ. 1952ರಲ್ಲಿ ಪುಸ್ತಕ ಮತ್ತೆ ಅಚ್ಚಾಯಿತು. ನಾಗರತ್ನಮ್ಮ ತೀರಿಕೊಂಡದ್ದೂ ಅದೇ ವರ್ಷ. ಅಂದಹಾಗೆ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದೂ ಈಕೆಯೇ, ತನ್ನ ಹಣದಿಂದ. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಆಕೆ 1927ರಲ್ಲಿ ಹೆಂಗಸರದೇ ಬೇರೆ ಮೇಳ ಕಟ್ಟಿದರು.

ಇದು ಆಂಧ್ರದ ಕಥೆ, ಮದರಾಸಿನ ಕಥೆ ಎಂದು ಕನ್ನಡದವರು ಕೈತೊಳೆದುಕೊಳ್ಳುವಂತಿಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮನೂ ಆಸ್ಥಾನದ ಆಶ್ರಯದಲ್ಲೇ ಬರೆದವಳು. ಅವಳ 'ಹದಿಬದೆಯ ಧರ್ಮ' ಪತಿವ್ರತೆ ಹೇಗಿರಬೇಕೆಂದು ಹೇಳುವ ಕೃತಿ. ಅದಕ್ಕೆ ಯಾರೂ ಅಡ್ಡ ಬರಲಿಲ್ಲ. ವಿಷಯ ಒಪ್ಪಿಗೆಯದಾಗಿದ್ದರೆ ಹೆಣ್ಣು ಬರೆಯಬಹುದಿತ್ತು. ಆದರೆ ಆ ಉಪದೇಶದ ನಡುವೆಯೇ ಅವಳು ಸಿಡಿದಿದ್ದಾಳೆ: 'ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ, ಪೆಣ್ಣಲ್ಲವೆ ಪೊರೆದವಳು'. ಹೆಣ್ಣೆಂದು ಹೀಗಳೆಯುವವರನ್ನು ಕಣ್ಣು ಕಾಣದ ಗಾವಿಲರು, ಅಂದರೆ ಮೂಢರು, ಎಂದು ಬಯ್ದಿದ್ದಾಳೆ.

ನಾವು ಈಗ ಮಾಡುವುದೇನು? ಈ ಸಾಲುಗಳನ್ನಷ್ಟೇ ಎತ್ತಿ ಭಾಷಣಗಳಲ್ಲಿ ಹೇಳುತ್ತೇವೆ. ಸುತ್ತಲಿನ ಗಂಡನ ಸೇವೆ, ಅತ್ತೆಮಾವಂದಿರ ಸೇವೆಯ ಪದ್ಯಗಳನ್ನು ಓದುವವರು ಕಡಿಮೆ. ಹಿಂದಿನವರು ತಮಗೆ ಬೇಡದ್ದನ್ನು ಕತ್ತರಿಸಿದರು. ನಾವು ಬೇಕಾದದ್ದನ್ನು ಕತ್ತರಿಸಿಟ್ಟುಕೊಂಡಿದ್ದೇವೆ. ನನಗಂತೂ ಪೂರ್ತಿ ಹೊನ್ನಮ್ಮನೇ ಹೆಚ್ಚು ಕುತೂಹಲದ ಹೆಂಗಸು. ಒಂದೇ ಉಸಿರಿನಲ್ಲಿ ಬಾಗುವವಳು, ತಿರುಗಿ ನಿಲ್ಲುವವಳು.

ಮುದ್ದುಪಳನಿಯನ್ನೂ ಹಾಗೇ ಪೂರ್ತಿಯಾಗಿ ಓದಬೇಕು, ಬರೀ ಹೊಗಳುವುದಕ್ಕಲ್ಲ. ರಾಧೆಯ ಸಂಕಟಕ್ಕೆ ಅವಳು ಕೊಟ್ಟ ದನಿ ದೊಡ್ಡದು. ಹಾಗಿದ್ದರೂ, ಚಿಕ್ಕವಳಾದ ಇಳಾದೇವಿಯನ್ನು ಬೆಳೆಸಿ, ಗಂಡನ ಬಳಿ ಹೇಗಿರಬೇಕೆಂದು ಹೇಳಿಕೊಟ್ಟು ಕಳಿಸುವವಳು ಇದೇ ರಾಧೆ. ಇಬ್ಬರೂ ಹೆಂಗಸರೇ, ಆದರೆ ಕೊಡುವ ಅಧಿಕಾರ ಒಬ್ಬಳದು. ನಾಗರತ್ನಮ್ಮ ವೀರೇಶಲಿಂಗಂ ಅವರಿಗೆ ಪ್ರಶ್ನೆ ಹಾಕಿದಂತೆ ನಾವು ಮುದ್ದುಪಳನಿಗೂ ಒಂದು ಪ್ರಶ್ನೆ ಹಾಕಬಹುದು: ಆ ಹುಡುಗಿಗೆ ಈ ಮದುವೆ ಬೇಕಿತ್ತೇ?